ಎರಡು ರೈಫಲ್, ಉಳಿದದ್ದು ಒಂದೇ ಜಾಗ: ತಂದೆಯ ಕೋವಿಯನ್ನು ಪುಣೆಯ ಪರವಾನಗಿಗೆ ಸೇರಿಸಿಕೊಂಡ ಬಗೆ

ನಮ್ಮ ತಂದೆಯವರು 2023ರ ಕೊನೆಯಲ್ಲಿ ತೀರಿಕೊಂಡಾಗ ಅವರ ಪರವಾನಗಿ ಪುಸ್ತಕದಲ್ಲಿ ದೊಡ್ಡ ಬೋರಿನ, ಅಂದರೆ ನಳಿಗೆಯ ಒಳ ಅಗಲ ಹೆಚ್ಚಿರುವ, ಎರಡು ಬೇಟೆ ರೈಫಲ್‌ಗಳಿದ್ದವು. ಒಂದು, .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಕಾಡತೂಸು ಹಾರಿಸುವ, ಅಮೆರಿಕದ ವಿಂಚೆಸ್ಟರ್ ಮಾಡೆಲ್ 70. ಇನ್ನೊಂದು, ಮನೆಯಲ್ಲಿ ಎಲ್ಲರೂ ‘ಜರ್ಮನ್ ಕೋವಿ’ ಎಂದೇ ಕರೆಯುತ್ತಿದ್ದ .423 ಮೌಸರ್. ಘಟ್ಟದ ಅಂಚಿನ ಕಾಫಿ ತೋಟಗಳನ್ನು ಮಾರಿ ತಮ್ಮ ದೇಶಕ್ಕೆ ಹೊರಟಿದ್ದ ಇಂಗ್ಲಿಷ್ ದೊರೆಗಳಿಂದ ನಮ್ಮ ಅಜ್ಜ 1950ರ ದಶಕದಲ್ಲಿ ಇವೆರಡನ್ನೂ ಕೊಂಡಿದ್ದರು. ನಾನು ಕೆಲಸ ಹಿಡಿದು ಪುಣೆಗೆ ಬಂದವನು ಇಲ್ಲಿಯೇ ನೆಲೆಯಾದೆ. ಈಗ ಆ ಎರಡರಲ್ಲಿ ಒಂದು ನನ್ನ ಪರವಾನಗಿಯಲ್ಲಿದೆ, ಮತ್ತೊಂದು ಬೇರೆಯವರ ಪಾಲಾಗಿದೆ. ಇದರ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ತೋಟದ ಮನೆಯಲ್ಲಿ ಹಿರಿಯರ ಕೋವಿಗಳಿದ್ದು ತಾವು ಮಹಾರಾಷ್ಟ್ರದಲ್ಲಿರುವ ಕನ್ನಡಿಗರು ಕಡಿಮೆ ಇಲ್ಲವಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಎರಡನ್ನೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಬಹಳ ಮಂದಿ ಕೇಳಿದರು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಆ ವರ್ಷದ ಡಿಸೆಂಬರ್ 14ರಂದು ಜಾರಿಗೆ ಬಂದ ಮೇಲೆ, ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಮಿತಿ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆಗ ತಂದೆಯವರ ಬಳಿ ಎರಡು ರೈಫಲ್‌ಗಳ ಜೊತೆಗೆ ಹನ್ನೆರಡು ಬೋರಿನ ಜೋಡಿ ನಳಿಗೆಯ ಕೋವಿಯೂ ಇತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಇಪ್ಪತ್ತೈದು ವರ್ಷ ಅವರ ಬಳಿ ಇದ್ದಿದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ಬಿಟ್ಟುಕೊಡಲು ಅವಕಾಶವಿದೆ. ತಂದೆಯವರು ಹನ್ನೆರಡು ಬೋರನ್ನು ಹಾಗೆಯೇ ನನಗೆ ಕೊಟ್ಟಿದ್ದರು. ಹೀಗಾಗಿ ನನ್ನ ಪರವಾನಗಿಯಲ್ಲಿ ಉಳಿದಿದ್ದದ್ದು ಒಂದೇ ಜಾಗ.

ಮುಂಬಯಿಯ ಮುಲುಂಡಿನಲ್ಲಿರುವ ತಂಗಿ ಒಂದನ್ನು ತೆಗೆದುಕೊಂಡರೆ ಎರಡೂ ಮನೆಯಲ್ಲಿಯೇ ಉಳಿಯುತ್ತವಲ್ಲ ಎಂದು ಅಮ್ಮ ಆಸೆಪಟ್ಟರು. “ಅಣ್ಣಾ, ನಮ್ಮ ಸೊಸೈಟಿಯಲ್ಲಿ ನಾಯಿ ಸಾಕೋದಕ್ಕೇ ಮೀಟಿಂಗ್ ಕರೀತಾರೆ, ಕೋವಿ ತಂದಿಟ್ಟರೆ ನನ್ನ ಗತಿ ಏನು?” ಎಂದು ಅವಳು ಫೋನಿನಲ್ಲಿಯೇ ಕೈಮುಗಿದಳು. ಊರಿನಲ್ಲಿರುವ ಚಿಕ್ಕಪ್ಪನ ಮಗನದು ಬೆಳೆ ರಕ್ಷಣೆಯ ಪರವಾನಗಿ. ಅದರಲ್ಲಿ ಇಂತಹ ರೈಫಲ್ ಸೇರಿಸಲು ಬರುವುದಿಲ್ಲ. ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ ಎಂದು ಪುಣೆಯ ಗೆಳೆಯರೊಬ್ಬರು ಸಮಾಧಾನ ಹೇಳಿದರು. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಮಾತ್ರ. ಕಾಫಿ ಬೆಳೆಯುವ ಎಲ್ಲರಿಗೂ ಅಲ್ಲ.

ಸೂತಕ ಕಳೆಯುವ ಮೊದಲೇ ಮಾಡಬೇಕಾಗಿ ಬಂದ ಕೆಲಸವೆಂದರೆ ಕೋವಿಗಳನ್ನು ಮನೆಯಿಂದ ಹೊರಗೆ ಕಳುಹಿಸುವುದು. ಪರವಾನಗಿದಾರರು ತೀರಿಕೊಂಡ ಮೇಲೆ ಕೋವಿ ಬೀರುವಿನಲ್ಲಿ ಬೀಗ ಹಾಕಿಕೊಂಡೇ ಇದ್ದರೂ ಅದನ್ನು ಇಟ್ಟುಕೊಂಡವರು ಪರವಾನಗಿ ಇಲ್ಲದವರೇ ಆಗುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ 21ನೆಯ ಕಲಮಿನಂತೆ ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರರಲ್ಲಿ ಠೇವಣಿ ಇಡಬೇಕು. ತೋಟದ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದುದರಿಂದ ನಾನು ಮಾರಾಟಗಾರರನ್ನು ಆರಿಸಿಕೊಂಡು, ಠಾಣೆಗೆ ಲಿಖಿತ ಮಾಹಿತಿ ಕೊಟ್ಟೆ. ಠಾಣೆಯಲ್ಲಿಯೂ ಇಡಬಹುದಿತ್ತು ನಿಜ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅಲ್ಲಿ ಎಣ್ಣೆ ಹಚ್ಚುವವರೂ ಇರುವುದಿಲ್ಲ. ಮಾರಾಟಗಾರರು ತಿಂಗಳಿಗೆ ಕೋವಿಯೊಂದಕ್ಕೆ ಐನೂರು ರೂಪಾಯಿ ತೆಗೆದುಕೊಂಡರು. ವರ್ಷ ಉರುಳಿದಂತೆ ಇದೇ ದೊಡ್ಡ ಖರ್ಚಾಯಿತು, ಆದರೂ ಸಾರ್ಥಕವಾಗಿತ್ತು. ರಸೀದಿಯಲ್ಲಿ ತಯಾರಕರ ಹೆಸರು, ಬೋರು, ಕೋವಿಯ ಮೇಲೆ ಕಾಣುವ ಎಲ್ಲ ಸಂಖ್ಯೆಗಳು ಮತ್ತು ಕಾಡತೂಸುಗಳ ಎಣಿಕೆ, ಇಷ್ಟನ್ನೂ ಬರೆಸಿಕೊಳ್ಳಿ. ‘ರೈಫಲ್ ಎರಡು’ ಎಂದಷ್ಟೇ ಬರೆದ ರಸೀದಿ ಮುಂದೆ ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ.

ಕಾಡತೂಸುಗಳೆಂದರೆ ಬೀರುವಿನ ಮೂಲೆಯಲ್ಲಿ ಸಿಕ್ಕ, ಕೆಂಪು ಹಳದಿ ಚೀಟಿಯ ಕೈನಾಕ್ ಕಂಪನಿಯ ಹಳೆಯ ರಟ್ಟಿನ ಡಬ್ಬಿಗಳು. .423ರ ಡಬ್ಬಿಯಲ್ಲಿದ್ದ ಕೆಲವು ಹಿತ್ತಾಳೆ ಕೋಶಗಳ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು; ಬೆರಳಿನಲ್ಲಿ ಒತ್ತಿದರೆ ಗುಂಡು ಅಲುಗಾಡುತ್ತಿತ್ತು. ಇಂತಹವನ್ನು ‘ಹಾರುತ್ತದೋ ನೋಡೋಣ’ ಎಂದು ಪರೀಕ್ಷಿಸಲು ಹೋಗಬೇಡಿ, ಕೋವಿಯ ಜೊತೆಯಲ್ಲಿಯೇ ಒಪ್ಪಿಸಿಬಿಡಿ.

ಆ ಬಳಿಕ ಎದುರಾದದ್ದು ಆಯ್ಕೆಯ ಪ್ರಶ್ನೆ. ಬೇಟೆಗಾರರ ಲೆಕ್ಕದಲ್ಲಿ ಇದು ಕಷ್ಟದ ಪ್ರಶ್ನೆಯೇ ಅಲ್ಲ. .375 ಹುಟ್ಟಿದ್ದು 1912ರಲ್ಲಿ. 300 ಗ್ರೇನ್ (ಗುಂಡಿನ ತೂಕದ ಸಣ್ಣ ಅಳತೆ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,500 ಅಡಿ ವೇಗದಲ್ಲಿ ಹಾರಿಸುತ್ತದೆ. .423 ಅದಕ್ಕಿಂತ ದಪ್ಪನೆಯ, 347 ಗ್ರೇನ್ ಗುಂಡನ್ನು 2,200 ಅಡಿಯ ಆಸುಪಾಸಿನಲ್ಲಿ ಹಾರಿಸುತ್ತದೆ. ಬಾಯಿ ದೊಡ್ಡದಿದ್ದ ಮಾತ್ರಕ್ಕೆ ಬಲ ಹೆಚ್ಚೆಂದು ನಮ್ಮ ಊರಿನಲ್ಲಿ ನಂಬಿಕೆಯಿತ್ತು. ಲೆಕ್ಕ ಹಾಕಿದರೆ ಶಕ್ತಿಯಲ್ಲಿ .375 ಮುಂದಿದೆ. ಅದರ ಗುಂಡು ದಪ್ಪಕ್ಕೆ ಹೋಲಿಸಿದರೆ ಉದ್ದವಾಗಿರುವುದರಿಂದ ಆಳಕ್ಕೂ ಹೋಗುತ್ತದೆ. ಆನೆ, ಕಾಟಿಯಂತಹ ದೊಡ್ಡ ಪ್ರಾಣಿಗಳ ಮೇಲೆ .423ರ ಗುಂಡು ಸಾಕಷ್ಟು ಒಳಹೋಗುವುದಿಲ್ಲ ಎಂಬ ದೂರು ಆ ಕಾಲದಲ್ಲಿಯೇ ಇತ್ತು.

ಆದರೆ ಈ ಲೆಕ್ಕದಿಂದ ನನಗೆ ಆಗಬೇಕಾದದ್ದೇನು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಪರವಾನಗಿ ಪಡೆದು ಮೋಜಿಗಾಗಿ ಬೇಟೆಯಾಡುವುದು ಈ ದೇಶದಲ್ಲಿ ಮುಗಿದ ಕಥೆ, ಹಾಗೆ ಮುಗಿದದ್ದು ಒಳ್ಳೆಯದೇ ಆಯಿತು. ಪುಣೆಯ ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿರುವುದು ಏರ್‌ಗನ್, .22ಗಳಂತಹ ಸ್ಪರ್ಧೆಗಳ ಶೂಟಿಂಗ್ ರೇಂಜ್, ಅಲ್ಲಿಗೆ .375 ಹೊತ್ತುಕೊಂಡು ಹೋಗುವಂತಿಲ್ಲ. ನನಗೆ ಬೇಕಾದದ್ದು ಅಜ್ಜನ ಕೈಯಲ್ಲಿದ್ದ ಒಂದು ವಸ್ತು, ಕಾನೂನಿನ ಒಳಗೆ, ಸುಸ್ಥಿತಿಯಲ್ಲಿ ನನ್ನ ಮನೆಯಲ್ಲಿರುವುದು. ಹಾಗಾದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ: ಯಾವುದರ ನಳಿಗೆ ಆರೋಗ್ಯವಾಗಿದೆ, ಯಾವುದಕ್ಕೆ ಕಾಡತೂಸು ಇನ್ನೂ ತಯಾರಾಗುತ್ತದೆ, ಯಾವುದರ ಕಾಗದಪತ್ರ ತಾಳೆಯಾಗುತ್ತದೆ.

ನಳಿಗೆಯ ವಿಷಯವನ್ನು ತೀರ್ಮಾನಿಸಿದವರು ಪುಣೆ ಕ್ಯಾಂಪಿನಲ್ಲಿ ನನ್ನ ಹನ್ನೆರಡು ಬೋರಿಗೆ ಸರ್ವಿಸ್ ಮಾಡಿಕೊಡುವ ಉಸ್ತಾದರು. ರಾಣೆಬೆನ್ನೂರಿನ ಕಡೆಯವರು, ಮೂರು ತಲೆಮಾರಿನಿಂದ ಇದೇ ಕಸುಬು. ಊರಿನ ಮದುವೆಗೆ ಹೊರಟಿದ್ದವರು ನನ್ನ ಕಾರಿನಲ್ಲಿ ಇನ್ನಷ್ಟು ದೂರ ಬಂದು, ಠೇವಣಿಯಿಟ್ಟ ಅಂಗಡಿಯಲ್ಲಿಯೇ ಎರಡನ್ನೂ ಬಿಚ್ಚಿ ನೋಡಿದರು. ಮೌಸರಿನ ಹಿಡಿಕೆಯ ಮರ ತೆಳ್ಳಗೆ, ಮುಂದಿನ ತುದಿಯಲ್ಲಿ ಎಮ್ಮೆ ಕೊಂಬಿನ ಕಪ್ಪು ತುಂಡು, ಅಕ್ಕಪಕ್ಕದಲ್ಲಿ ಎರಡು ಟ್ರಿಗರ್: ಹಿಂದಿನದನ್ನು ಮೊದಲು ಎಳೆದರೆ ಮುಂದಿನದು ಉಗುರು ತಾಕಿದರೂ ಬಿಡುವಷ್ಟು ಹಗುರಾಗುತ್ತದೆ. ಅಜ್ಜನ ಬಲಗೈ ಹಿಡಿಯುತ್ತಿದ್ದ ಕಡೆ ಕೆತ್ತನೆಯ ಗೆರೆಗಳು ಸವೆದು ನುಣುಪಾಗಿದ್ದವು. ವಿಂಚೆಸ್ಟರ್ ಇದರ ಪಕ್ಕದಲ್ಲಿ ಒರಟಾಗಿ ಕಾಣುತ್ತದೆ, ತೂಕವೂ ಹೆಚ್ಚು. ನಾನು ಮೌಸರಿನ ಕಡೆಗೇ ನೋಡುತ್ತಿರುವುದನ್ನು ಕಂಡು ಉಸ್ತಾದರು, “ನಳಗಿ ನೋಡ್ರಿ ಸಾಹೇಬ್ರ, ಮಾರಿ ನೋಡಿ ಮೋಸ ಹೋಗಬ್ಯಾಡ್ರಿ” ಎಂದರು.

ಕಾಡತೂಸನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು, ಹಿಂದಿನಿಂದ ಸಣ್ಣ ದೀಪ ಬಿಟ್ಟು, ಬಾಯಿಯ ಕಡೆಯಿಂದ ನೋಡಿದಾಗ .423ರ ನಳಿಗೆಯಲ್ಲಿ, ಕಾಡತೂಸು ಕೂರುವ ಜಾಗದಿಂದ ಸ್ವಲ್ಪ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಅಂಚೆಲ್ಲ ಕೊರೆದು ಕಪ್ಪು ಗುಳಿಗಳಾಗಿದ್ದವು. ಹಳೆಯ ಕಾಡತೂಸುಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಕ್ಲೋರೇಟ್ ಎಂಬ ರಾಸಾಯನಿಕ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಹಾರಿಸಿದ ದಿನವೇ ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆದು, ಒರೆಸಿ ಎಣ್ಣೆ ಹಾಕಿದರೆ ಮಾತ್ರ ಉಳಿಗಾಲ. ಬರಿಯ ಎಣ್ಣೆಯಿಂದ ಉಪ್ಪು ಹೋಗುವುದಿಲ್ಲ. ಅಜ್ಜ ಹೆಚ್ಚು ಹಾರಿಸಿದ್ದು .423ನ್ನೇ, ನಮ್ಮ ಊರಿನ ಆಷಾಢದ ತೇವವೂ ಎಲ್ಲರಿಗೂ ಗೊತ್ತಿರುವುದೇ. .375 ಅಪರೂಪಕ್ಕೆ ಹಾರಿದ್ದರಿಂದ ಅದರ ನಳಿಗೆ ಕನ್ನಡಿಯಂತಿತ್ತು. ಅದರ ತೊಂದರೆಯೆಂದರೆ ಹಿಡಿಕೆಯ ಕುತ್ತಿಗೆಯಲ್ಲಿ ಬಿಟ್ಟಿದ್ದ ಒಂದು ಬಿರುಕು. ಒದೆತ ಜೋರಾದ ರೈಫಲ್‌ಗಳಲ್ಲಿ ಇದು ಮಾಮೂಲು. ಒಳಗೆ ಪಿನ್ ಕೊಟ್ಟು ಎಪಾಕ್ಸಿ ತುಂಬಿದರೆ ನಿಲ್ಲುತ್ತದೆ ಎಂದರು. ನಿಂತಿದೆ ಕೂಡ.

ಕಾಡತೂಸಿನ ವಿಷಯ ಪುಣೆಯಲ್ಲಿರುವವರಿಗೆ ಸ್ವಲ್ಪ ನಗು ತರಿಸುವಂಥದು. ಇಲ್ಲಿಯದೇ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆಯಿದೆ. 2021ರಲ್ಲಿ ಸರ್ಕಾರದ ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಹುಟ್ಟಿದ ಮ್ಯುನಿಷನ್ಸ್ ಇಂಡಿಯಾದ ಕೇಂದ್ರ ಕಚೇರಿಯೂ ಪುಣೆಯಲ್ಲಿಯೇ ಇದೆ. ಆದರೆ ಸರ್ಕಾರಿ ಕಾರ್ಖಾನೆಗಳು ನಾಗರಿಕರ ರೈಫಲ್‌ಗೆಂದು ಮಾಡುವುದು ಮುಖ್ಯವಾಗಿ .315 ಮತ್ತು .30-06 ಕಾಡತೂಸುಗಳನ್ನು. .375 ವಿದೇಶಗಳಲ್ಲಿ ಹಲವು ಕಂಪನಿಗಳಿಂದ ಇಂದಿಗೂ ತಯಾರಾಗುತ್ತದೆ. ಇಲ್ಲಿನ ಮಾರಾಟಗಾರರಲ್ಲಿ ಅಪರೂಪಕ್ಕೆ ಸಿಕ್ಕರೆ ಒಂದೊಂದಕ್ಕೂ ಸಾವಿರಾರು ರೂಪಾಯಿ. .423 ಎಂದು ಕೇಳಿದಾಗ ಮಾರಾಟಗಾರರು ತಲೆಯಾಡಿಸುವುದಕ್ಕೂ ಮೊದಲು ನಕ್ಕರು.

ಕಾಗದದ ವಿಷಯದಲ್ಲಿ ಎರಡೂ ಒಂದಷ್ಟು ಕಾಡಿದವು, ಆದರೆ ಮೌಸರ್ ಹೆಚ್ಚು. ಪರವಾನಗಿ ಪುಸ್ತಕದಲ್ಲಿ ಅದರ ಬೋರು .423 ಎಂದಿದೆ, ನಳಿಗೆಯ ಮೇಲೆ ಕೆತ್ತಿರುವುದು 10.75 × 68. ಇವು ಬೇರೆ ಬೇರೆ ಬೋರು ಎಂಬ ಆಕ್ಷೇಪ ಬಂತು. ಮೊದಲನೆಯದು ಇಂಚಿನ ಲೆಕ್ಕ, ಎರಡನೆಯದು ಮಿಲಿಮೀಟರಿನ ಲೆಕ್ಕ, 10.75ನ್ನು 25.4ರಿಂದ ಭಾಗಿಸಿದರೆ .423 ಬರುತ್ತದೆ. 68 ಎಂಬುದು ಕೋಶದ ಉದ್ದ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಮಾರಾಟಗಾರರಿಂದ ದೃಢೀಕರಿಸಿ ಕೊಟ್ಟ ಮೇಲೆ ಆ ಆಕ್ಷೇಪ ಹೋಯಿತು. ಅದರ ಹಿಂದೆಯೇ ಇನ್ನೊಂದು ಬಂತು: ಪುಸ್ತಕದಲ್ಲಿ ಬರೆದಿದ್ದದ್ದು ನಳಿಗೆಯ ಮೇಲೆ ಹಿಂದಿನ ಕಾಲದ ವ್ಯಾಪಾರಿಗಳು ಹಾಕಿಕೊಂಡಿದ್ದ ತಮ್ಮ ಅಂಗಡಿಯ ಸಂಖ್ಯೆಯನ್ನು; ಕಾರ್ಖಾನೆಯ ಸಂಖ್ಯೆ ಬೋಲ್ಟ್ ಓಡಾಡುವ ಭಾಗದ ಮೇಲೆ ಬೇರೆಯೇ ಇತ್ತು. ಹಳೆಯ ರೈಫಲ್ ಇರುವವರು ಹಿರಿಯರು ಬದುಕಿರುವಾಗಲೇ ಈ ಎರಡೂ ಸಂಖ್ಯೆಗಳನ್ನು ನೋಡಿ, ವ್ಯತ್ಯಾಸವಿದ್ದರೆ ಅವರ ಅರ್ಜಿಯ ಮೇಲೆಯೇ ತಿದ್ದುಪಡಿ ಮಾಡಿಸಿಕೊಳ್ಳುವುದು ಒಳ್ಳೆಯದು. ತೀರಿಕೊಂಡವರ ಪುಸ್ತಕ ತಿದ್ದಿಸುವುದು ಬಹಳ ತ್ರಾಸಿನ ಕೆಲಸ.

.375ರ ಕಡೆಯಿಂದ ಬಂದ ಸಂಶಯ ಇನ್ನೊಂದು ಬಗೆಯದು. ಇಷ್ಟು ದೊಡ್ಡ ರೈಫಲ್ ನಿಷೇಧಿತ ಬೋರಿನದೇ ಇರಬೇಕು, ಹಾಗಿದ್ದರೆ ಪರವಾನಗಿ ಕೊಡಬೇಕಾದದ್ದು ಕೇಂದ್ರ ಗೃಹ ಸಚಿವಾಲಯ ಎಂಬ ಮಾತು ಎದ್ದಿತು. ನಮ್ಮಲ್ಲಿ .303, 7.62 ಮಿಲಿಮೀಟರ್ ಮುಂತಾದವು ನಿಷೇಧಿತವಾಗಿರುವುದು ಸೈನ್ಯ ಮತ್ತು ಪೊಲೀಸರ ಗುಂಡುಗಳು ಅವುಗಳಲ್ಲಿ ಹಾರುತ್ತವೆ ಎಂಬ ಕಾರಣಕ್ಕೆ. ಗಾತ್ರಕ್ಕಾಗಲಿ ಬಲಕ್ಕಾಗಲಿ ಅಲ್ಲ. ಬ್ರಿಟಿಷರೂ ಹೀಗೆಯೇ ಯೋಚಿಸಿದ್ದರು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳು ಬಂಡಾಯಗಾರರ ಕೈಸೇರಿವೆ ಎಂಬ ಭಯದಿಂದ ಅವರು 1907ರಲ್ಲಿ .450 ಬೋರನ್ನು ಭಾರತದಲ್ಲಿ ನಿಷೇಧಿಸಿದಾಗ, ಅದಕ್ಕಿಂತ ತುಸು ದೊಡ್ಡದಾದ .465, .470ರಂತಹ ಬೇಟೆ ಕಾಡತೂಸುಗಳು ರಾಜಾರೋಷವಾಗಿ ಮಾರುಕಟ್ಟೆಗೆ ಬಂದವು. ಈ ಇತಿಹಾಸವನ್ನು ನಾನು ಕಚೇರಿಯಲ್ಲಿ ಹೇಳಲು ಹೋಗಲಿಲ್ಲ. ತಂದೆಯವರ ಪರವಾನಗಿ ಜಿಲ್ಲೆಯಿಂದಲೇ ಕೊಟ್ಟದ್ದು, ದಶಕಗಳ ಕಾಲ ನವೀಕರಣಗೊಂಡದ್ದು ಎಂಬುದನ್ನು ಪುಟ ತೆರೆದು ತೋರಿಸಿದ್ದೇ ಸಾಕಾಯಿತು.

ಇಷ್ಟೆಲ್ಲ ಆದ ಮೇಲೆ .375 ಎಂದು ಮನಸ್ಸು ಮಾಡಿದೆ. ಅಮ್ಮನಿಗೆ ಹೇಳುವುದು ಮಾತ್ರ ಸುಲಭವಾಗಲಿಲ್ಲ. “ಅಪ್ಪ ಪ್ರತಿ ವರ್ಷ ಆಯುಧಪೂಜೆಗೆ ಮೊದಲು ಕುಂಕುಮ ಇಡ್ತಿದ್ದದ್ದು ಆ ಜರ್ಮನ್ ಕೋವಿಗೆ ಕಣೋ” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಳಿಗೆಯ ಗುಳಿ, ಸಂಖ್ಯೆಯ ವ್ಯತ್ಯಾಸ ಎಂದು ವಿವರಿಸಿದಷ್ಟೂ ಅವು ಸಣ್ಣ ಮಾತುಗಳಾಗಿ ಕೇಳಿಸಿದವು. ಕೊನೆಗೆ ಅವರೇ, ನಿನಗೆ ತಿಳಿದ ಹಾಗೆ ಮಾಡು, ಆದರೆ ಅದನ್ನು ಕರಗಿಸುವುದಕ್ಕೆ ಮಾತ್ರ ಕೊಡಬೇಡ ಎಂದರು.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಪುಣೆ ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು. ಹಿಂಜವಡಿ, ವಾಕಡ್ ಕಡೆ ಇರುವವರು 2018ರಿಂದ ಪಿಂಪ್ರಿ-ಚಿಂಚ್‌ವಡ್ ಆಯುಕ್ತರ ವ್ಯಾಪ್ತಿಗೆ ಬರುತ್ತಾರೆ ಎಂಬುದನ್ನು ಮರೆಯದಿರಲಿ. ಪರವಾನಗಿ ಮೊದಲೇ ಇದ್ದವರಿಗೆ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ಹೊಸ ಕೋವಿ ಅದೇ ಸಂಖ್ಯೆಯ ಕೆಳಗೆ ಸೇರಬೇಕು. ನನ್ನಿಂದ ಕೇಳಿದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ತಂದೆಯವರ ಮೂಲ ಪರವಾನಗಿ, ಅಮ್ಮ ಮತ್ತು ತಂಗಿಯಿಂದ ಆಕ್ಷೇಪಣೆ ಇಲ್ಲವೆಂಬ ಪ್ರಮಾಣಪತ್ರ, ಠೇವಣಿ ರಸೀದಿ, ವೈದ್ಯಕೀಯ ಪ್ರಮಾಣಪತ್ರ, ಕೋವಿಯ ಸುರಕ್ಷಿತ ಬಳಕೆಯ ತರಬೇತಿ ಪತ್ರ, ವಿಳಾಸ ಮತ್ತು ಆದಾಯದ ದಾಖಲೆಗಳು. ವಂಶವೃಕ್ಷವಿದ್ದದ್ದು ಕನ್ನಡದಲ್ಲಿ. ಅದರ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಕೊಟ್ಟರೆ, ಮರಾಠಿಯಲ್ಲಿ ತನ್ನಿ ಎಂದರು. ಎರಡು ಭಾಷೆಯಲ್ಲಿಯೂ ಒಮ್ಮೆಗೇ ಮಾಡಿಸಿಬಿಡಿ, ಹೆಸರುಗಳ ಕಾಗುಣಿತವನ್ನು ಆಧಾರ್ ಕಾರ್ಡಿನೊಂದಿಗೆ ನೀವೇ ಹೋಲಿಸಿ ನೋಡಿ. ಅಮ್ಮನ ಹೆಸರಿನ ಕೊನೆಯಲ್ಲಿ ‘ಅಮ್ಮ’ ಇದೆಯೋ ಇಲ್ಲವೋ ಎಂಬುದಕ್ಕೆ ನಮ್ಮ ಕಡತ ಒಂದು ಸುತ್ತು ಹಿಂದಕ್ಕೆ ಬಂದಿತ್ತು.

ಕಾಯುವಿಕೆಯ ದೊಡ್ಡ ಭಾಗವನ್ನು ನುಂಗಿದ್ದು ಚುನಾವಣೆ. 2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ ಮುಗಿಯುವ ತನಕ, ಅಂದರೆ ಜೂನ್ ಮೊದಲ ವಾರದ ತನಕ, ಹೊಸ ಪರವಾನಗಿ ಕೊಡುವಂತಿಲ್ಲ. ಅದಿರಲಿ, ನನ್ನ ಹನ್ನೆರಡು ಬೋರನ್ನೂ ಠೇವಣಿ ಇಡಬೇಕೆಂಬ ನೋಟಿಸು ಮನೆಗೆ ಬಂತು. ಜೂನ್ ನಂತರ ಕಡತ ಅಲುಗಿ, ತಂದೆಯವರ ಪರವಾನಗಿ ನಿಜವೇ ಎಂದು ಕೇಳಿ ಊರಿನ ಜಿಲ್ಲೆಗೆ ಪತ್ರ ಹೋಯಿತು. ಉತ್ತರ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಠಾಣೆಯಿಂದ ಮನೆಗೆ ಬಂದ ಹವಾಲ್ದಾರರು ಉಕ್ಕಿನ ಕಪಾಟನ್ನು, ಅದನ್ನು ಗೋಡೆಗೆ ಬಿಗಿದ ಬೋಲ್ಟುಗಳನ್ನು ನೋಡಿ, ಪಕ್ಕದ ಮನೆಯವರನ್ನು ವಿಚಾರಿಸಿ ಹೋದರು. ಇನ್ನೇನು ಸಹಿಯಾಗುತ್ತದೆ ಎನ್ನುವಾಗ ಅಕ್ಟೋಬರ್ 15ರಂದು ಮಹಾರಾಷ್ಟ್ರದ ವಿಧಾನಸಭೆ ಚುನಾವಣೆ ಘೋಷಣೆಯಾಗಿ ಮತ್ತೆ ಎಲ್ಲವೂ ನಿಂತಿತು. ಹನ್ನೆರಡು ಬೋರು ಮತ್ತೆ ಠೇವಣಿಗೆ ಹೋಯಿತು. ಚುನಾವಣೆಯ ವರ್ಷದಲ್ಲಿ ಅರ್ಜಿ ಹಾಕುವವರು ಎರಡೂ ರಾಜ್ಯಗಳ ಲೆಕ್ಕ ಇಟ್ಟುಕೊಂಡೇ ಹೆಜ್ಜೆಯಿಡಬೇಕು. ನಮ್ಮಂತಹವರ ಕಡತಕ್ಕೆ ಎರಡು ಕಡೆಯ ಸಂಹಿತೆಯೂ ತಗಲುತ್ತದೆ.

2025ರ ಆರಂಭದಲ್ಲಿ .375 ನನ್ನ ಪರವಾನಗಿಗೆ ಸೇರಿತು. ಮಹಾರಾಷ್ಟ್ರದ ಶುಲ್ಕವನ್ನು ಗ್ರಾಸ್ ಎಂಬ ಆನ್‌ಲೈನ್ ಚಲನ್ ವ್ಯವಸ್ಥೆಯಲ್ಲಿ ಕಟ್ಟಬೇಕು. ಅದರ ಪ್ರತಿಯನ್ನು ಎರಡು ಮೂರು ಕಡೆ ಕೇಳುತ್ತಾರೆ. ರೈಫಲನ್ನು ತರಲು ಹೊರಡುವ ಮೊದಲು, ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಒಯ್ಯುವ ಅನುಮತಿ ಕಾಗದದಲ್ಲಿ ಇರುವುದನ್ನು ಖಚಿತಪಡಿಸಿಕೊಂಡೆ. ಬೋಲ್ಟ್ ಬೇರೆ ಚೀಲದಲ್ಲಿ, ರೈಫಲ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮೂಲ ಪರವಾನಗಿ ನನ್ನ ಜೇಬಿನಲ್ಲಿ. ನಿಪ್ಪಾಣಿ ದಾಟಿ ಕೊಲ್ಲಾಪುರ ಬರುವ ತನಕವೂ ಎದೆ ಡವಗುಟ್ಟುತ್ತಿತ್ತು, ಯಾರೂ ತಡೆಯಲಿಲ್ಲ. ಮನೆಗೆ ಬಂದ ಮೇಲೆ ಅದನ್ನು ಠಾಣೆಯಲ್ಲಿ ತೋರಿಸಿ ಸಂಖ್ಯೆ ತಾಳೆ ಮಾಡಿಸಿ, ನಂತರ ಹಿಡಿಕೆಯ ಬಿರುಕಿಗೆ ಉಸ್ತಾದರ ಬಳಿ ಬಿಟ್ಟೆ. ಮೂರು ಸಾವಿರ ತೆಗೆದುಕೊಂಡರು, ರಾಣೆಬೆನ್ನೂರಿನಿಂದಾಚೆ ನನ್ನ ಜೊತೆ ಬಂದದ್ದಕ್ಕೆ ಏನನ್ನೂ ಮುಟ್ಟಲಿಲ್ಲ.

ಮೌಸರಿಗೆ ಗಿರಾಕಿ ಸಿಗುವುದೇ ಅನುಮಾನವಾಗಿತ್ತು. ಕಾಡತೂಸು ಸಿಗದ ರೈಫಲ್‌ಗೆ ಬೆಲೆ ಕಟ್ಟುವವರು ಹಳೆಯ ಕೆಲಸಗಾರಿಕೆ ಬಲ್ಲವರು ಮಾತ್ರ. ಮಾರಾಟಗಾರರ ಮೂಲಕವೇ ಅಂತಹ ಒಬ್ಬರು ಸಿಕ್ಕರು. ಅವರ ಪರವಾನಗಿಯಲ್ಲಿ ರೈಫಲ್ ಕೊಳ್ಳಲು ಅನುಮತಿಯಿತ್ತು, ಒಂದು ಜಾಗ ಖಾಲಿಯೂ ಇತ್ತು. ನಳಿಗೆಯ ಗುಳಿಯನ್ನೂ ಎರಡು ಸಂಖ್ಯೆಗಳ ಕಥೆಯನ್ನೂ ಮೊದಲೇ ಹೇಳಿದೆ; ಅವರು ನೋಡುತ್ತಿದ್ದದ್ದು ಟ್ರಿಗರನ್ನು. ಖಾಸಗಿಯಾಗಿ ಕೋವಿ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದ ಮೇಲೆಯೇ ಹಸ್ತಾಂತರ ಮಾಡಬೇಕು ಎಂಬುದು ಕಾಯ್ದೆಯ 5ನೆಯ ಕಲಮು. ನಮ್ಮದು ವಾರಸುದಾರರ ಮಾರಾಟವಾದ್ದರಿಂದ ಅಮ್ಮ, ತಂಗಿ ಮತ್ತು ನಾನು ಮೂವರೂ ಸಹಿ ಹಾಕಿದ ಪತ್ರ ಕೊಟ್ಟೆವು. ಬಂದ ಹಣ ಠೇವಣಿ ಬಾಡಿಗೆಗೂ ಪೂರ್ತಿ ಸಾಲಲಿಲ್ಲ.

ಮಾರಿದ ಮೇಲೆ, ತಂದೆಯವರ ಪರವಾನಗಿಯಿಂದ ಎರಡೂ ಕೋವಿಗಳನ್ನು ತೆಗೆದು ಪುಸ್ತಕವನ್ನು ರದ್ದು ಮಾಡಿದ್ದೇವೆ ಎಂಬ ಪತ್ರವನ್ನು ಊರಿನ ಜಿಲ್ಲೆಯಿಂದ ಕೇಳಿ ಪಡೆಯಿರಿ. ಅದು ತಾನಾಗಿ ಮನೆಗೆ ಬರುವುದಿಲ್ಲ. ಆ ಪತ್ರ ಕಳೆದ ವಾರ ಅಮ್ಮನ ಕೈಸೇರಿತು. ಅದರ ಪ್ರತಿಯನ್ನು ಪುಣೆಯ ಕಡತಕ್ಕೆ ಸೇರಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ.